ಪುಟ್ಟ ಅಂಗಿಯ ಎರಡನೆಯ ಬಾಳು



ಮಗು ಬೆಳೆದಂತೆ ಅಂಗಿ ಗಿಡ್ಡವಾಗುತ್ತದೆ, ಆದರೆ ಹರಿದಿರುವುದಿಲ್ಲ. ಮುರ್ಡೇಶ್ವರದ ಮನೆಗಳಲ್ಲೂ ಇಂಥ ಬಟ್ಟೆ ಗಂಟಾಗಿ ಅಟ್ಟ ಸೇರುತ್ತದೆ. ಅದಕ್ಕೊಂದು ದಾರಿ ಇದೇ ಜಿಲ್ಲೆಯಲ್ಲಿದೆ.

ಘಟ್ಟದ ಮೇಲಿನ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯಿಂದ ಕೌದಿ ಹೊಲಿಯುತ್ತಾರೆ. ಹಾಸಿದ ಸೀರೆಯ ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನತ್ತ ಕೈಹೊಲಿಗೆ ಹಾಕುತ್ತ ಸಾಗುವುದು ಅವರ ಕ್ರಮ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಹೂ’ ಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬ ಭಾವನೆ. ತೊಟ್ಟಿಲ ಕೂಸಿಗೂ ಪುಟ್ಟ ಕೌದಿ ಉಂಟು.

ಇದಕ್ಕೆ ಹತ್ತಿಯೇ ಲೇಸು. ಒಗೆದಷ್ಟೂ ಮೆದುವಾಗುತ್ತದೆ, ಬೆವರು ಹೀರುತ್ತದೆ. ಎಳೆಗೂಸಿಗೆ ಹಳೆಯ ಬಟ್ಟೆ ಸುತ್ತುವ ಪದ್ಧತಿಯ ಹಿಂದಿನ ವಿವೇಕವೂ ಇದೇ. ಪಾಲಿಯೆಸ್ಟರ್ ಹಾಗಲ್ಲ, ಎಸೆದರೆ ಬೇಗ ಕೊಳೆಯದು, ಮಳೆನೀರಿನೊಂದಿಗೆ ಕಡಲು ಸೇರಿದರೆ ಸಣ್ಣ ಸಣ್ಣ ಎಳೆಗಳಾಗಿ ಅಲ್ಲೇ ಉಳಿಯುತ್ತದೆ. ಮೀನುಗಾರಿಕೆಯನ್ನು ನಂಬಿದ ಊರಿಗೆ ಅದು ಹಗುರ ಮಾತಲ್ಲ.

ಆದ್ದರಿಂದ ಗಟ್ಟಿಯಿರುವುದನ್ನು ಒಗೆದು, ಗುಂಡಿ ಹೊಲಿದು, ಇನ್ನೊಂದು ಮಗುವಿಗೆ ಬೇಗ ಕೊಡಿ. ಅಟ್ಟದಲ್ಲಿ ಒಂದು ಮಳೆಗಾಲ ಕಳೆದರೆ ಬೂಷ್ಟು ಹಿಡಿದೀತು. ಸವೆದ ಹತ್ತಿಬಟ್ಟೆ ಕೌದಿಗಿರಲಿ. ಹರಿದದ್ದನ್ನು ಕೊಟ್ಟು ದಾನವೆನ್ನಬಾರದು. ಪಡೆಯುವ ತಾಯಿಗೂ ಮಾನವಿದೆ.