ಸೈಕಲ್ ಸವಾರನ ಸುರಕ್ಷತೆ ಮತ್ತು ಶ್ರಾವಕ ಸಮಾಜದ ಹೊಣೆ



ಮುನಿಸಂಘವು ವಿಹಾರಕ್ಕೆ ಹೊರಟಾಗ ಜೈನ ಸಮಾಜವು ಏನು ಮಾಡುತ್ತದೆಂಬುದು ಇಲ್ಲಿರುವ ಎಲ್ಲರಿಗೂ ತಿಳಿದದ್ದೇ. ಬೆಳಗಿನ ಮಬ್ಬಿನಲ್ಲಿ ಯುವಕರು ಸಂಘದ ಹಿಂದೆಮುಂದೆ ನಡೆಯುತ್ತಾರೆ. ವಾಹನವೊಂದು ದೀಪ ಉರಿಸಿಕೊಂಡು ನಿಧಾನವಾಗಿ ಹಿಂಬಾಲಿಸುತ್ತದೆ. ಮುಂದಿನ ಊರಿನವರಿಗೆ ಮೊದಲೇ ಸುದ್ದಿ ತಲುಪಿರುತ್ತದೆ. ಹೆದ್ದಾರಿಗಳಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ ಸಾಧುಸಾಧ್ವಿಯರು ವಾಹನಗಳಿಗೆ ಸಿಲುಕಿ ಪ್ರಾಣ ಕಳೆದುಕೊಂಡ ಪ್ರಸಂಗಗಳು ಒಂದೆರಡಲ್ಲ. ಆ ನೋವೇ ಸಮಾಜಕ್ಕೆ ಈ ಶಿಸ್ತನ್ನು ಕಲಿಸಿದೆ. ಅದೇ ರಸ್ತೆಯ ಅದೇ ಅಂಚಿನಲ್ಲಿ, ಅದೇ ಮಬ್ಬಿನಲ್ಲಿ ಸೈಕಲ್ ತುಳಿಯುವ ಕಾರ್ಮಿಕನಿಗೂ ಶಾಲಾ ಬಾಲಕನಿಗೂ ಈ ಕಾಳಜಿಯ ಒಂದಂಶವನ್ನಾದರೂ ಸಲ್ಲಿಸಬಾರದೇ ಎಂಬುದೇ ಇಂದಿನ ವಿಚಾರ.

ಹೈದರಾಬಾದಿನ ಪೂರ್ವಭಾಗದ ನಾಚಾರಂ ಕೈಗಾರಿಕಾ ಬಡಾವಣೆ. ಇಲ್ಲಿ ಕಾರ್ಖಾನೆಗಳಿವೆ, ಇಎಸ್‌ಐ ಆಸ್ಪತ್ರೆಯಿದೆ, ಶಾಲೆಗಳಿವೆ. ಅವುಗಳ ನಡುವೆಯೇ ವಸತಿ ಗಲ್ಲಿಗಳಿವೆ. ಸರಕಿನ ಲಾರಿ, ನಗರ ಸಾರಿಗೆಯ ಬಸ್ಸು, ಶಾಲೆಯ ವ್ಯಾನು, ಆಟೋ, ಕಾರು ಎಲ್ಲವೂ ಒಂದೇ ರಸ್ತೆಗಾಗಿ ಪೈಪೋಟಿ ನಡೆಸುತ್ತವೆ. 2017ರ ನವೆಂಬರಿನಲ್ಲಿ ನಾಗೋಲ್ ಕಡೆಯ ಮೆಟ್ರೊ ಆರಂಭವಾದಾಗ ಹಬ್ಸಿಗುಡ ನಿಲ್ದಾಣವು ನಾಚಾರಂಗೆ ಸೈಕಲ್ಲಿನ ಅಳತೆಯಲ್ಲಿ ಹತ್ತಿರವೇ ಆಯಿತು. ಆದರೆ ಆ ಅಲ್ಪದೂರವನ್ನು ನಿರ್ಭಯವಾಗಿ ಕ್ರಮಿಸುವ ದಾರಿ ಆಗಲಿಲ್ಲ.

ಸರ್ಕಾರದ ಬಳಿ ಹಣವಿಲ್ಲವೆಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಇದೇ ನಗರದ ಪಶ್ಚಿಮ ತುದಿಯಲ್ಲಿ, ಹೊರವರ್ತುಲ ರಸ್ತೆಯ ಪಕ್ಕದಲ್ಲಿ, 23 ಕಿಲೋಮೀಟರ್ ಉದ್ದದ ಸೈಕಲ್ ಪಥವು 2023ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದರ ಅಗಲ ನಾಲ್ಕೂವರೆ ಮೀಟರ್. ಅದಕ್ಕೆ 16 ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳ ಚಾವಣಿ. ಅದು ಒಳ್ಳೆಯ ಕೆಲಸವೇ. ಆದರೆ ಅದರ ನೆರಳು ಹೆಚ್ಚಾಗಿ ಲಭಿಸುವುದು ಐಟಿ ಪ್ರದೇಶದಲ್ಲಿ ವ್ಯಾಯಾಮಕ್ಕಾಗಿ ಸೈಕಲ್ ಹತ್ತುವವರಿಗೆ. ಅನ್ನಕ್ಕಾಗಿ ಸೈಕಲ್ ಹತ್ತುವವನು ನಾಚಾರಂನಲ್ಲಿ ಬುತ್ತಿಯ ಡಬ್ಬಿಯನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಪಾಳಿಗೆ ಹೋಗುತ್ತಾನೆ. ಅವನು ಮನವಿಪತ್ರ ಬರೆಯುವುದಿಲ್ಲ, ಶಾಸಕರ ಬಾಗಿಲಲ್ಲಿ ಕಾಯುವುದಿಲ್ಲ. ಕೇಳುವವರಿದ್ದ ಕಡೆಗೆ ಬಜೆಟ್ ಹರಿಯುತ್ತದೆ. ಕೇಳಲು ಬಲ್ಲವರು ವರ್ತಕರು, ಕಾರ್ಖಾನೆಯ ಒಡೆಯರು, ಶಾಲೆ ನಡೆಸುವ ಟ್ರಸ್ಟುಗಳು. ಇಂಥವರಲ್ಲಿ ಜೈನರ ಸಂಖ್ಯೆ ಕಡಿಮೆಯೇನಲ್ಲ.

ಜನರ ಒಪ್ಪಿಗೆಯಿಲ್ಲದೆ ಪಥ ನಿರ್ಮಿಸಿದರೆ ಏನಾಗುವುದೆಂಬುದಕ್ಕೆ ಬೆಂಗಳೂರಿನ ಜಯನಗರ ಸಾಕ್ಷಿ. ಅಲ್ಲಿ ಒಂದು ದಶಕಕ್ಕೂ ಹಿಂದೆ ಮಾಡಿದ ಸೈಕಲ್ ಪಥಗಳು ಬಹುಬೇಗ ಕಾರು, ಸ್ಕೂಟರುಗಳ ನಿಲ್ದಾಣಗಳಾದವು. ಬಣ್ಣ ಬಳಿದಿದ್ದರು, ಅಂಗಡಿಯವರನ್ನೂ ನಿವಾಸಿಗಳನ್ನೂ ಒಲಿಸಿಕೊಳ್ಳಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ನೆದರ್ಲೆಂಡ್ಸ್. ಇಂದು ಸೈಕಲ್ಲಿನ ನಾಡೆನಿಸಿದ ಆ ದೇಶದಲ್ಲಿ 1971ರ ಒಂದೇ ವರ್ಷದಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಆಗ ತಾಯಿತಂದೆಯರು 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿ ಬೀದಿಗಿಳಿದರು. ಅಲ್ಲಿನ ಪಥಗಳು ತಾನಾಗಿ ಬಂದವಲ್ಲ, ಕುಟುಂಬಗಳು ಕೇಳಿ ಪಡೆದವು. ದೂರದ ಮಾತೇಕೆ, ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಸೈಕಲ್ ಸ್ನೇಹಿ ನಗರಗಳ ಸ್ಪರ್ಧೆಯಲ್ಲಿ ವಿಜೇತವಾದ 11 ನಗರಗಳಲ್ಲಿ ತೆಲಂಗಾಣದ್ದೇ ಆದ ವರಂಗಲ್ ಕೂಡ ಒಂದು.

ಇನ್ನು ಧರ್ಮದ ದೃಷ್ಟಿ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಹೇಳುತ್ತದೆ. ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಸಮಜಾಯಿಷಿಗೆ ಅಲ್ಲಿ ಹೆಚ್ಚು ಸ್ಥಳವಿಲ್ಲ. ಎಚ್ಚರ ತಪ್ಪಿದ್ದೇ ದೋಷ. ಮುನಿಗಳ ಈರ್ಯಾಸಮಿತಿಯು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡಲು ವಿಧಿಸುತ್ತದೆ. ಗೃಹಸ್ಥರಿಗೆ ವಿಧಿಸಿದ ಅನರ್ಥದಂಡ ವ್ರತವು ನಿಷ್ಪ್ರಯೋಜಕವಾದ ಅಲಕ್ಷ್ಯದ ನಡೆಯನ್ನು ಪ್ರಮಾದಚರ್ಯೆಯೆಂದು ಹೆಸರಿಸಿ ವರ್ಜಿಸುತ್ತದೆ. ಕಂದಮೂಲವನ್ನು ತ್ಯಜಿಸಿ, ನೀರು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಯವರು ಬಸದಿಯ ಮುಂದೆ ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ, ಹಿಂದೆ ನೋಡದೆ ಬಾಗಿಲು ತೆರೆದರೆ, ಆ ಬಾಗಿಲಿಗೆ ಬಡಿದು ಬೀಳುವವನು ಪಂಚೇಂದ್ರಿಯ ಜೀವಿಯೇ ಅಲ್ಲವೇ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಈ ಸಂಖ್ಯೆಯ ಹಿಂದೆ ಕ್ರೌರ್ಯಕ್ಕಿಂತ ಪ್ರಮಾದವೇ ಹೆಚ್ಚಾಗಿದೆ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದು ಎಣಿಕೆ. ಲೆಕ್ಕದ ಪುಸ್ತಕದಲ್ಲಿ ನಮೂದಾಗದ ಬಾಬಿಗೆ ಬಜೆಟ್ ಸಿಗುವುದಿಲ್ಲ. ಯುವಕ ಸಂಘದ ನಾಲ್ವರು ಒಂದು ವಾರ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಹಬ್ಸಿಗುಡ ರಸ್ತೆಯಲ್ಲಿಯೂ ಮಲ್ಲಾಪುರದ ಕಡೆಯಲ್ಲಿಯೂ ನಿಂತು ಸಾಗುವ ಸೈಕಲ್‌ಗಳನ್ನು ಎಣಿಸಲಿ. ಸೈಕಲ್ ಚಕ್ರ ಸಿಲುಕುವಂತಿರುವ ಚರಂಡಿಯ ಜಾಲರಿ, ಮುರಿದ ಅಂಚು, ಉರಿಯದ ದೀಪ ಇವುಗಳನ್ನೂ ಸ್ಥಳಸಮೇತ ಬರೆದಿಡಲಿ. ಆ ಪಟ್ಟಿಯೊಡನೆ ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಲಿಖಿತ ಮನವಿ ಸಲ್ಲಲಿ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ 198-ಎ ಕಲಮನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಲಾಗಿದೆ. ದೋಷವನ್ನು ಮುಂಚೆಯೇ ಲಿಖಿತವಾಗಿ ತಿಳಿಸಿದ್ದರೆ, ಗೊತ್ತಿರಲಿಲ್ಲವೆಂದು ಹೇಳುವುದು ಯಾರಿಗೂ ಸುಲಭವಾಗದು.

ಎರಡನೆಯದು ವೇಗ. ಪಾದಚಾರಿ, ಸೈಕಲ್ ಸವಾರರು ವಾಹನಗಳೊಡನೆ ಬೆರೆಯುವೆಡೆ ಗಂಟೆಗೆ 30 ಕಿಲೋಮೀಟರ್ ಮಿತಿಯಿರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ. ಶಾಲೆ, ಆಸ್ಪತ್ರೆ, ಕಾರ್ಖಾನೆಯ ದ್ವಾರಗಳ ಬಳಿ ಈ ಮಿತಿಯನ್ನು ಕೇಳಬೇಕು. ಕೇಳುವ ಮುನ್ನ ಮನೆಯ ಚಾಲಕನಿಗೂ ಮಗನಿಗೂ ಹೇಳಬೇಕು.

ಮೂರನೆಯದು ಹಣ. ಕಂಪನಿ ಕಾಯ್ದೆ, 2013ರ 135ನೆಯ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚಮಾಡಬೇಕು. ರಸ್ತೆ ಸುರಕ್ಷತೆಯ ಜಾಗೃತಿಯೂ ಅಪಘಾತದ ಗಾಯಾಳುಗಳ ಚಿಕಿತ್ಸೆಯೂ ಈ ವೆಚ್ಚದಲ್ಲಿ ಸೇರಬಹುದೆಂದು ಕಂಪನಿ ವ್ಯವಹಾರಗಳ ಸಚಿವಾಲಯವು 2014ರಲ್ಲಿಯೇ ಸ್ಪಷ್ಟಪಡಿಸಿದೆ. ಸಣ್ಣ ಉದ್ದಿಮೆದಾರರಿಗೆ ಈ ಕಲಮು ಅನ್ವಯಿಸದಿರಬಹುದು. ಆದರೆ ಸೈಕಲ್ಲಿಗೊಂದು ಕೆಂಪು ಹಿಂದೀಪ, ಒಂದು ಪ್ರತಿಫಲಕ ಪಟ್ಟಿ, ಗೇಟಿನೊಳಗೊಂದು ಸೈಕಲ್ ನಿಲ್ದಾಣ, ಪಾಳಿ ಬದಲಾಗುವ ಅರ್ಧ ಗಂಟೆ ಲಾರಿಗಳನ್ನು ಒಳಗೇ ತಡೆಯುವುದು ಇವಕ್ಕೆ ಕಾನೂನಿನ ಒತ್ತಾಯ ಬೇಕಿಲ್ಲ.

ನಾಲ್ಕನೆಯದು ಪ್ರಾಮಾಣಿಕತೆಯ ಪ್ರಶ್ನೆ. ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯು, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧವಿರುವುದು ಸಾಬೀತಾದರೆ, ಅದನ್ನು ಉದ್ಯೋಗದಲ್ಲಾದ ಗಾಯವೆಂದೇ ಪರಿಗಣಿಸಿತು. ಆದರೆ ಗುತ್ತಿಗೆಯವನೆಂದು ಹೆಸರು ನೋಂದಾಯಿಸದೆ ಬಿಟ್ಟ ಕಾರ್ಮಿಕನ ಹೆಂಡತಿಮಕ್ಕಳಿಗೆ ಈ ರಕ್ಷಣೆ ಕೈಗೆಟುಕುವುದು ಕಷ್ಟ. ನೋಂದಣಿ ತಪ್ಪಿಸಿ ಉಳಿಸಿದ ವಂತಿಗೆಯಿಂದ ಬಸದಿಗೆ ದಾನವಿತ್ತರೆ ಅದನ್ನು ಪುಣ್ಯದ ಬಾಬಿನಲ್ಲಿ ಬರೆಯಲಾಗದು.

ನಾಚಾರಂ, ಉಪ್ಪಲ್ ದಾಟಿ ವರಂಗಲ್ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಕೊಲನುಪಾಕ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕೊಲ್ಲಿಪಾಕೆಯೆನಿಸಿದ್ದ ಈ ತೀರ್ಥಕ್ಕೆ ಕನ್ನಡ ಜೈನರೂ ಭಕ್ತಿಯಿಂದ ಹೋಗುತ್ತಾರೆ. ಆ ಯಾತ್ರೆಯ ಕಾರಿನ ಎಡಬದಿಯಲ್ಲಿಯೂ ಸೈಕಲ್ ಸವಾರನೊಬ್ಬ ಇರುತ್ತಾನೆ. ಅವನಿಗೆ ಒಂದು ಮಾರು ಜಾಗ ಬಿಟ್ಟು ಸಾಗುವುದೂ ಆ ಯಾತ್ರೆಯ ಒಂದು ವಿಧಿಯಾಗಲಿ. ಪುಣೆ, ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿದ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ; ಬಡಾವಣೆಯ ಹೆಸರಷ್ಟೇ ಬೇರೆ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಬಸದಿಯ ಮುಂದಿನ ರಸ್ತೆಯ ಅಂಚಿನಲ್ಲಿ ಒಂದೂ ಕಾರು ನಿಂತಿರದಿದ್ದರೆ, ಅಷ್ಟಕ್ಕೇ ಕೆಲಸ ಆರಂಭವಾದಂತೆ.

ಜೈ ಜಿನೇಂದ್ರ.