256 ಬೈಟಿನ ಸಿನಿಮಾ, ಗುಜರಿಗೆ ಹೊರಟಿದ್ದ ಕಂಪ್ಯೂಟರ್

ಕುಟ್ಟದಿಂದ ಮಾತಾಡ್ತಾ ಇದ್ದೀನಿ. ನಡುವೆ ಪಟಪಟ ಸದ್ದು ಕೇಳಿಸಿದ್ರೆ ಗಾಬರಿ ಬೇಡ, ಅದು ಶೀಟಿನ ಮೇಲೆ ಬೀಳ್ತಿರೋ ಮಳೆ.

ನಮ್ಮ ಮಾವನ ಕಾಫಿ ತೋಟದ ರೈಟರ್ ರೂಮಲ್ಲಿ ಒಂದು 486 ಕಂಪ್ಯೂಟರ್ ಇತ್ತು. ಆಳುಗಳ ಸಂಬಳ, ಕಾಫಿ ಲೆಕ್ಕ ಇಡೋಕೆ ತಂದಿದ್ದು. ಹೋದ ತಿಂಗಳು ಅದು ಗುಜರಿಗೆ ಹೊರಟಿತ್ತು. "ಎರಡು ದಿನ ಕೊಡಿ ಮಾವ" ಅಂದೆ. "ಮೊಬೈಲ್ ಇರುವಾಗ ಇದು ಯಾಕೋ?" ಅಂದ್ರು. ಇವತ್ತಿನ ಮಾತು ಆ ಪ್ರಶ್ನೆಗೆ ಉತ್ತರ.

ಮುಚ್ಚಳ ತೆಗೆದ್ರೆ ಒಳಗೆಲ್ಲ ಬೂಷ್ಟು. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇದನ್ನ ಬಿಡುತ್ತಾ? ಅದಕ್ಕಿಂತ ದೊಡ್ಡ ಶತ್ರು ಮದರ್‌ಬೋರ್ಡ್ ಮೇಲಿನ ಪುಟ್ಟ ಬ್ಯಾಟರಿ. ಆ ಕಾಲದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತೆ. ಪುಣ್ಯಕ್ಕೆ ಸ್ವಲ್ಪ ಮಾತ್ರ ಸೋರಿತ್ತು. ಬ್ಯಾಟರಿ ಕತ್ತರಿಸಿ ತೆಗೆದು, ಹತ್ತಿಗೆ ವಿನೆಗರ್ ಹಚ್ಚಿ ಒರೆಸಿದೆ. ಕಾಚಂಪುಳಿ ಅಲ್ಲ ಮತ್ತೆ, ಅಂಗಡಿ ವಿನೆಗರ್!

ಹಾರ್ಡ್ ಡಿಸ್ಕ್ ಏಳಲಿಲ್ಲ. ಫ್ಲಾಪಿಯಿಂದ ಡಾಸ್ ಶುರು ಮಾಡಿ, 2020ರಲ್ಲಿ ಬಂದ 'ಮೆಮೊರೀಸ್' ಅನ್ನೋ ಡೆಮೊ ಹಾಕಿದೆ. ಡೆಮೊ ಅಂದ್ರೆ ವಿಡಿಯೋ ಅಲ್ಲ. ಪ್ರತಿ ಚಿತ್ರವನ್ನೂ ಕಂಪ್ಯೂಟರ್ ಆ ಕ್ಷಣದಲ್ಲೇ ಲೆಕ್ಕ ಹಾಕಿ ಬಿಡಿಸುತ್ತೆ. ಹೆಲ್‌ಮೂಡ್ ಅನ್ನೋ ಹೆಸರಲ್ಲಿ ಬರೆಯೋ ಪ್ರೋಗ್ರಾಮರ್ ಮಾಡಿದ ಈ ಡೆಮೊ ಬರೀ 256 ಬೈಟ್. ಎಷ್ಟು ಚಿಕ್ಕದು ಗೊತ್ತಾ? 'ಕುಟ್ಟ' ಅಂತ ನಿಮ್ಮ ಫೋನಲ್ಲಿ ಟೈಪ್ ಮಾಡಿದ್ರೆ ಸಾಮಾನ್ಯವಾಗಿ 15 ಬೈಟ್. ಹದಿನೇಳು ಸಲ 'ಕುಟ್ಟ' ಬರೆದ್ರೆ 255, ಉಳಿಯೋದು ಒಂದೇ ಬೈಟ್. ಅಷ್ಟರಲ್ಲಿ ಚದುರಂಗದ ಮನೆ, ಸುರಂಗ, ಕಡಲು ಎಲ್ಲಾ ಇದೆ. ಸಂಗೀತವೂ ಇದೆ, ಆದ್ರೆ ಅದಕ್ಕೆ ಬೇಕಾದ ಮಿಡಿ ಸಾಧನ ನಮ್ಮ ಪೆಟ್ಟಿಗೆಯಲ್ಲಿಲ್ಲ. ಹಾಗಾಗಿ ನಾವು ನೋಡಿದ್ದು ಮೂಕಿ ಚಿತ್ರ. ಅದೂ ಕುಂಟ್ತಾ ಕುಂಟ್ತಾ ಓಡ್ತು.

ಇದಕ್ಕಿಂತ ಹಳೇ ಯಂತ್ರದ ಕಥೆ ಕೇಳಿ. 1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಜ್. ಅದರ ಸಿಜಿಎ ಕಾರ್ಡು ಗ್ರಾಫಿಕ್ಸಲ್ಲಿ ಒಮ್ಮೆಗೆ ನಾಲ್ಕೇ ಬಣ್ಣ ತೋರಿಸ್ತಿತ್ತು. 2015ರಲ್ಲಿ ಜರ್ಮನಿಯ ಸಾರ್‌ಬ್ರುಕನ್‌ನಲ್ಲಿ ನಡೆದ 'ರಿವಿಷನ್' ಕೂಟದಲ್ಲಿ '8088 ಎಂಪಿಎಚ್' ಅನ್ನೋ ಡೆಮೊ ಅದೇ ಯಂತ್ರದಲ್ಲಿ ಸಾವಿರಕ್ಕೂ ಹೆಚ್ಚು ಬಣ್ಣ ತೋರಿಸಿತು. ಟಿವಿಗೆ ಹೋಗೋ ಕಾಂಪೋಸಿಟ್ ಸಿಗ್ನಲ್‌ನಲ್ಲಿ ಪಕ್ಕಪಕ್ಕದ ಚುಕ್ಕಿಗಳು ಬೆರೆತು ಹೊಸ ಬಣ್ಣ ಹುಟ್ಟುತ್ತೆ. ಅದನ್ನೇ ಬಳಸಿಕೊಂಡರು. ಹೊಸ ಚಿಪ್ ಹಾಕಲಿಲ್ಲ, ಮೂವತ್ತು ವರ್ಷ ಅಲ್ಲೇ ಇದ್ದದ್ದನ್ನ ಹುಡುಕಿ ತೆಗೆದರು.

ನನಗೆ ಮುಖ್ಯ ಅನ್ನಿಸಿದ್ದು ಮುಂದಿನದು. ಆಗಿದ್ದ ಯಾವ ಎಮ್ಯುಲೇಟರ್ ಕೂಡ ಆ ಡೆಮೊವನ್ನ ಸರಿಯಾಗಿ ಓಡಿಸಲಿಲ್ಲ. ಎಮ್ಯುಲೇಟರ್ ಅಂದ್ರೆ ಹಳೇ ಯಂತ್ರದ ನಟನೆ ಮಾಡೋ ಸಾಫ್ಟ್‌ವೇರ್. ಅದಕ್ಕೆ ಗೊತ್ತಿರೋದು ಬರೆದವರಿಗೆ ಗೊತ್ತಿದ್ದಷ್ಟೇ. ಅದನ್ನ ತಿದ್ದಬೇಕು ಅಂದ್ರೆ ಅಸಲಿ ಯಂತ್ರ ಎದುರಿಗಿರಬೇಕು. ಎಲ್ಲವನ್ನೂ ತೂಕಕ್ಕೆ ಹಾಕಿಬಿಟ್ರೆ ಯಾರನ್ನ ಕೇಳೋದು?

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ರೆ ಕೂಡಲೇ ಆನ್ ಮಾಡಬೇಡಿ. ಬಲ್ಲವರಿಂದ ಮೊದಲು ಆ ಬ್ಯಾಟರಿ ತೆಗೆಸಿ. ದಪ್ಪ ಮಾನಿಟರ್ ಮತ್ತು ಪವರ್ ಸಪ್ಲೈ ಮಾತ್ರ ನೀವೇ ಬಿಚ್ಚಬೇಡಿ, ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯಬಹುದು.

ಡೆಮೊ ಓಡುವಾಗ ಮಾವ ಬಾಗಿಲಲ್ಲಿ ನಿಂತು ನೋಡ್ತಿದ್ರು. "ಇಷ್ಟು ವರ್ಷ ಇದರಲ್ಲಿ ಬರೀ ಸಂಬಳದ ಲೆಕ್ಕ ಹಾಕಿಸಿದ್ನಲ್ಲೋ" ಅಂದ್ರು. ಪೆಟ್ಟಿಗೆ ಈಗ ನನ್ನ ರೂಮಲ್ಲಿದೆ. ಮುಂದಿನ ಕಂತಲ್ಲಿ ಸಿಗೋಣ.