ಹಳೆಯ ದೊಡ್ಡ ಕಾರಿನ ಲೆಕ್ಕ



1970ರಲ್ಲಿ ಇಂಗ್ಲೆಂಡಿನಲ್ಲಿ ರೇಂಜ್ ರೋವರ್ ಹೊರಬಂದಿತು. ಹೊಲದ ಕೆಸರಿಗೂ ಪಟ್ಟಣದ ರಸ್ತೆಗೂ ಒಂದೇ ಗಾಡಿ. ಎಂಟು ಸಿಲಿಂಡರಿನ, ಮೂರೂವರೆ ಲೀಟರಿನ ಎಂಜಿನ್ನು. ಅಲ್ಲಿಯ ಹಳ್ಳಿಗಳಲ್ಲಿ ಅವನ್ನು ಇಂದಿಗೂ ಸಾಕುವವರಿದ್ದಾರೆ.

ಹೊರಮೈ ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನದು, ಉಕ್ಕಿನಂತೆ ತುಕ್ಕು ಹಿಡಿಯದು. ಆದರೆ ಒಳಗಿನ ಚೌಕಟ್ಟು ಉಕ್ಕಿನದು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ ಉಪ್ಪು ಕೆಸರಿನೊಡನೆ ಅಡಿಯಲ್ಲಿ ಕುಳಿತು ಉಕ್ಕನ್ನು ತಿನ್ನುತ್ತದೆ. ಆದುದರಿಂದ ಬಲ್ಲವರು ಮೊದಲು ಅಡಿಯನ್ನು ತೊಳೆದು, ಒಣಗಿಸಿ, ಮೇಣ ಹೊಡೆಯುತ್ತಾರೆ. ಹೊರಮೈ ಒರೆಸುವುದು ಆಮೇಲೆ.

ಲೆಕ್ಕ ಬರೆಯುವ ನಾವು ಅರಿಯಬೇಕಾದುದಿಷ್ಟೆ: ಕೊಳ್ಳುವ ಹಣ ಒಂದು ಸಲದ್ದು, ಸಾಕುವ ಹಣ ವರ್ಷವರ್ಷದ್ದು. ಊರಿಗೆ ದೊಡ್ಡ ಕಾರಿನಲ್ಲಿ ಹೋಗುವ ಆಸೆಗೆ ಗ್ರಾಚ್ಯುಯಿಟಿ ಹಣ ತೆರುವ ಮೊದಲು, ಬಗ್ಗಿ ಅದರ ಅಡಿಯನ್ನು ನೋಡೋಣ. ರಿಪೇರಿಯ ಹಣವನ್ನೂ ತೆಗೆದಿಡೋಣ.